ಹಿರಿಯೂರಿನ ಪ್ರಭಾರ ತೋಳ

ಹಿರಿಯೂರು ಪಟ್ಟಣದ ವೇದಾವತಿ ನದೀತೀರದಲ್ಲಿ ಸರ್ಕಾರದ ವತಿಯಿಂದ ತೋಳನಾಗಿ ಕೆಲಸ ಮಾಡಿದವರಲ್ಲಿ ಮೊದಲಿಗರು ಶ್ರೀ ತಿಪ್ಪೇರುದ್ರಪ್ಪನವರು. ಅವರಿಗಿಂತ ಮೊದಲು ಹೊಸದುರ್ಗದಲ್ಲಿ ಒಬ್ಬರಿದ್ದರೆಂದು ಚಿತ್ರದುರ್ಗದ ಕಾಫಿ ಹೋಟೆಲುಗಳಲ್ಲಿ ಈಗಲೂ ಕೆಲವರು ವಾದ ಹೂಡುತ್ತಾರೆ. ಹೊಸದುರ್ಗದವರು ಬರೀ ನರಿ. ಅದೂ ದಿನಗೂಲಿ ಆಧಾರದ ಮೇಲೆ. ಗೊತ್ತಿಲ್ಲದವರು ಬಾಯಿ ಮುಚ್ಚಿಕೊಂಡು ಕಾಫಿ ಕುಡಿಯುವುದು ಒಳ್ಳೆಯದು.

ನಾನು ರಂಗಪ್ಪ, ಆ ಕಚೇರಿಯ ಏಕೈಕ ಗುಮಾಸ್ತ. ಕಚೇರಿಯ ಪೂರ್ತಿ ಹೆಸರು ‘ಪಟ್ಟಣಾಂತರ್ಗತ ನದೀತೀರ ವನ್ಯಜೀವಿ ನೆಲೆ ಪುನಃಸ್ಥಾಪನಾ ವಿಶೇಷ ಕಚೇರಿ’. ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಮನೆಯ ಬಾಗಿಲು ಸಣ್ಣದಾದ್ದರಿಂದ ಬೋರ್ಡು ಕಿಟಕಿಯನ್ನೂ ದಾಟಿ ಪಕ್ಕದ ಸೈಕಲ್ ಶಾಪಿನ ಮೇಲೆ ಮುಗಿಯುತ್ತಿತ್ತು. ‘ವಿಶೇಷ ಕಚೇರಿ’ ಎಂಬ ಭಾಗ ಮಾತ್ರ ಸೈಕಲ್ ಶಾಪಿನ ಮೇಲಿದ್ದುದರಿಂದ ಆ ಶಾಪಿನವನಿಗೆ ಊರಲ್ಲಿ ಬಹಳ ಮರ್ಯಾದೆ ಬಂತು.

ಅದು ಸಾವಿರದ ಒಂಬೈನೂರ ಎಪ್ಪತ್ತಾರು. ದೇಶದಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಕಚೇರಿಗೆ ಬರುತ್ತಿದ್ದ ಕಾಲ. ಬಂದು ಏನು ಮಾಡಬೇಕೆಂದು ತಿಳಿಯದೆ ತುಂಬ ಜನ ಕೂತಿದ್ದರಿಂದ ಹೊಸ ಹೊಸ ಯೋಜನೆಗಳು ಬೇಕಾಗಿದ್ದವು. ಹೀಗೆ ಒಂದು ದಿನ, ಪಟ್ಟಣಗಳ ಮಗ್ಗುಲಲ್ಲಿ ಹರಿಯುವ ನದಿಗಳ ದಡಕ್ಕೆ ಕಾಡುಪ್ರಾಣಿಗಳನ್ನು ಮರಳಿ ತರತಕ್ಕದ್ದು ಎಂಬ ಆದೇಶ ಹೊರಬಿತ್ತು.

ವೇದಾವತಿ ಹರಿಯುತ್ತದೆ ಎಂದು ಬೆಂಗಳೂರಿನಲ್ಲಿ ಯಾರು ಹೇಳಿದರೋ ಕಾಣೆ. ಮಾರಿಕಣಿವೆಯ ಅಣೆ ನೀರನ್ನೆಲ್ಲ ಮೇಲೆಯೇ ಹಿಡಿದು ಕಾಲುವೆಗೆ ಹಂಚುವುದರಿಂದ ಊರಿನ ಪಕ್ಕದ ನದಿಯೆಂದರೆ ಬಹುಮಟ್ಟಿಗೆ ಮರಳು. ಸೇತುವೆಯ ಕೆಳಗಡೆ ಒಂದು ಮಡು ಮಾತ್ರ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಅದರಲ್ಲಿ ಬಟ್ಟೆ ಒಗೆಯುತ್ತಿದ್ದರು, ಲಾರಿ ತೊಳೆಯುತ್ತಿದ್ದರು, ಮಧ್ಯಾಹ್ನದ ಹೊತ್ತು ಮೇಲಿನ ಗೊಲ್ಲರಹಟ್ಟಿಯ ಕುರಿಗಳು ಬಂದು ನೀರು ಕುಡಿಯುತ್ತಿದ್ದವು. ಇಷ್ಟು ಜನ ಉಪಯೋಗಿಸುವ ಜಾಗ ಪ್ರಕೃತಿಗೆ ಸೇರಿದ್ದಾಗಿರಲು ಸಾಧ್ಯವಿಲ್ಲ ಎಂದು ವಿಶೇಷಾಧಿಕಾರಿ ತಿಪ್ಪೇರುದ್ರಪ್ಪನವರು ತೀರ್ಮಾನಿಸಿ, ಮಡುವಿನ ಸುತ್ತ ತಂತಿಬೇಲಿ ಹಾಕಿಸಿ, ಒಳಗೆ ಹೊಂಗೆ, ನೇರಳೆ, ಹೊಳೆಮತ್ತಿ ಸಸಿಗಳನ್ನು ನೆಡಿಸಿದರು. ಸಸಿಗಳು ಒಳ್ಳೆಯವಾಗಿದ್ದವು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಬೇಲಿಯ ಮೇಲೆ ಫಲಕ ಹಾಕಿದೆವು: ‘ಇಲ್ಲಿ ನೀರು ಕುಡಿಯಲು ವನ್ಯಜೀವಿಗಳಿಗೆ ಮಾತ್ರ ಅವಕಾಶ.’

ಕೆಲವು ವಾರ ಕಾದೆವು. ಯಾವ ಪ್ರಾಣಿಯೂ ಬರಲಿಲ್ಲ. ಬೇಲಿಗೆ ಬಾಗಿಲೇ ಇಲ್ಲದ್ದು ಜವಾನ ಎತ್ತಪ್ಪನ ಕಣ್ಣಿಗೆ ಬಿದ್ದ ಮೇಲೆ ಬಾಗಿಲಿಡಿಸಿ ಬೀಗ ಹಾಕಿ, ಕಚೇರಿ ವೇಳೆಯಲ್ಲಿ ತೆರೆದಿಡುವ ವ್ಯವಸ್ಥೆ ಮಾಡಲಾಯಿತು. ಎರಡನೇ ಶನಿವಾರ ರಜೆ. ಒಂದು ಟಿಟ್ಟಿಭ ಹಕ್ಕಿ ಬಂತು. ಆದರೆ ಅದು ಬಾಗಿಲಿನಿಂದ ಬಾರದೆ ಮೇಲಿನಿಂದ ಇಳಿದದ್ದರಿಂದ ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ.

ಬೇಸಿಗೆ ಏರಿದ ಮೇಲೆ ಚಿತ್ತಮ್ಮ ಬಂದಳು. ಹಟ್ಟಿಯ ಹೆಂಗಸು, ಅರವತ್ತರ ಆಸುಪಾಸು. ಗಂಡ ಇಲ್ಲ, ಮಂದೆ ಇದೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಹಿಂದೆ ಕೆಂಚ ಎಂಬ ನಾಯಿ, ಮುಂದೆ ಬಾಯಾರಿದ ಕುರಿಗಳು. ಬೇಲಿಯನ್ನು ಮೇಲಿಂದ ಕೆಳಗೆ ನೋಡಿದಳು.

“ಏನಪ್ಪ ಎತ್ತಪ್ಪ, ಹೊಳೆಗೆ ಬೇಲಿ ಬಡಿದೀರಿ?”

“ಸರ್ಕಾರದ್ದಕ್ಕ. ಕಾಡುಪ್ರಾಣಿಗೆ ಮಾತ್ರ.”

“ಎಲ್ಲವೆ?”

“ಬರ್ತಾವೆ.”

“ಬರಾತಂಕ ನನ್ನ ಕುರಿ ಕುಡೀಲಿ ಬಿಡು.”

“ಬೋರ್ಡು ಓದಕ್ಕ.”

“ನನಗೆ ಓದಾಕೆ ಬರಲ್ಲ, ನನ್ನ ಕುರಿಗೂ ಬರಲ್ಲ. ನಿನ್ನ ಕಾಡುಪ್ರಾಣಿಗೆ ಬರ್ತೈತಾ?”

ಎತ್ತಪ್ಪನಿಗೆ ಇದಕ್ಕೆ ಉತ್ತರ ಕೊಡುವ ಅಧಿಕಾರವಿರಲಿಲ್ಲ. ಅವಳನ್ನು ಕಚೇರಿಗೆ ಕರೆತಂದ. ಕುರಿಗಳೂ ಬಂದವು, ಸೈಕಲ್ ಶಾಪಿನ ಮುಂದೆ ಬಾಯಿ ತೆರೆದು ನಿಂತವು. ಆ ಮಡು ಬಿಟ್ಟರೆ ಹತ್ತಿರದಲ್ಲಿ ಬೇರೆ ನೀರಿಲ್ಲ. ನೀರಿಲ್ಲದಿದ್ದರೆ ಮಂದೆಯನ್ನು ಸಂತೆಯಲ್ಲಿ ಸಿಕ್ಕಿದ ಬೆಲೆಗೆ ಮಾರಬೇಕು. ಮಂದೆ ಹೋದರೆ ಚಿತ್ತಮ್ಮನಿಗೆ ಉಳಿಯುವುದು ಕಂಬಳಿ ಮತ್ತು ಕೆಂಚ. ಅವಳಿಗೆ ಹೆದರಿಕೆಯಾಗಿತ್ತು, ಹೆದರಿಕೆಯಾದಾಗ ಅವಳು ಇನ್ನೂ ಜೋರಾಗಿ ಮಾತಾಡುವವಳು.

ನಮಗೂ ನಮ್ಮದೇ ಚಿಂತೆ ಇತ್ತು. ವನ್ಯಜೀವಿ ಬಾರದಿದ್ದರೆ ಕಚೇರಿ ಮುಚ್ಚುತ್ತೇವೆಂದು ಕೇಂದ್ರ ಕಚೇರಿಯಿಂದ ಎಚ್ಚರಿಕೆ ಬಂದಿತ್ತು. ತಿಪ್ಪೇರುದ್ರಪ್ಪನವರು ಕಿಟಕಿಯಾಚೆ ಕುರಿಗಳನ್ನು ಬಹಳ ಹೊತ್ತು ನೋಡಿದರು. ದಪ್ಪನೆಯ, ಸಮಾಧಾನದ ಮನುಷ್ಯ. ಸೋಮವಾರ, ಶನಿವಾರ ಬಿಟ್ಟರೆ ಅವರ ಮನೆಯಲ್ಲಿ ಮಾಂಸ ಬೇಯದ ದಿನ ಕಡಿಮೆ; ಹಾಗಾಗಿ ಕುರಿಯನ್ನು ಅವರು ಯಾವಾಗಲೂ ಗೌರವದಿಂದಲೇ ನೋಡುತ್ತಿದ್ದರು.

“ರಂಗಪ್ಪ, ವನ್ಯಜೀವಿ ಅಂದ್ರೆ ಏನು ಅಂತ ನಿಯಮದಾಗೆ ಐತೆ ನೋಡ್ರಿ.”

ನೋಡಿದೆ. ‘ನದೀತೀರದಲ್ಲಿ ಮಾಲೀಕರು ಕಾಣಿಸದೆ ಸಂಚರಿಸುವ ಯಾವುದೇ ನಾಲ್ಕು ಕಾಲಿನ ಪ್ರಾಣಿ’ ಎಂದಿತ್ತು. ನಿಯಮ ಬರೆದ ಪುಣ್ಯಾತ್ಮರು ಎಲ್ಲಿದ್ದರೂ ಚೆನ್ನಾಗಿರಲಿ.

“ಅಂದ್ರೆ ಚಿತ್ತಮ್ಮ,” ಎಂದರು ಸಾಹೇಬರು, “ನೀನು ಕಾಣದಂಗಿದ್ರೆ ಇವು ಕಾಡುಪ್ರಾಣಿ. ಬೇಲಿ ಆಚೆ ಆ ಹಳೇ ದೊಡ್ಡ ಹೊಂಗೆ ಮರ ಐತಲ್ಲ, ಅದ್ರ ಹಿಂದೆ ನಿಂತ್ಕ.”

“ನಾನು ಕಾಣ್ದಿದ್ರೆ ಅರಚ್ತಾವೆ ಸ್ವಾಮಿ.”

“ಅರಚ್ಲಿ ಬಿಡು. ಕಾಡುಪ್ರಾಣಿ ಅರಚೋದು ಸಹಜ.”

“ಮತ್ತೆ ನಾನೇನಾದೆ?”

ಸಾಹೇಬರು ಸ್ವಲ್ಪ ಯೋಚಿಸಿ, “ನೀನು ಪ್ರಕೃತಿ,” ಎಂದರು.

ಚಿತ್ತಮ್ಮ ಹೆಬ್ಬೆಟ್ಟು ಒತ್ತಿದಳು. ಅಂದು ಮಧ್ಯಾಹ್ನ ಅವಳ ಕುರಿಗಳೆಲ್ಲ ತಾತ್ಕಾಲಿಕ ವನ್ಯಜೀವಿಗಳಾಗಿ ಬೇಲಿಯೊಳಗೆ ಹೋಗಿ ಹೊಟ್ಟೆ ತುಂಬ ನೀರು ಕುಡಿದವು. ಪ್ರಕೃತಿ ಹೊಂಗೆ ಮರದ ಹಿಂದೆ ಕೂತು ಎಲೆ ಅಡಿಕೆ ಹಾಕಿಕೊಂಡಿತು.

ವನ್ಯಜೀವಿಯಾದ ಮೇಲೆ ಅದರ ಅನುಕೂಲಗಳೂ ಬರಲೇಬೇಕಲ್ಲ. ದಂಡೆಯ ಮೇಲೆ ಹರಿವೆ ಸೊಪ್ಪು ಬೆಳೆಯುತ್ತಿದ್ದ ಬರಗೇರಮ್ಮನ ಪಾತಿಗೆ ಕುರಿಗಳು ನುಗ್ಗಿದವು. ಅವಳು ಎರಡು ಕುರಿ ಹಿಡಿದು ದೊಡ್ಡಿಗೆ ಹೊಡೆದುಕೊಂಡು ಹೋದಳು. ಬಿಡಾಡಿ ದನಗಳನ್ನು ಕೂಡುವ ದೊಡ್ಡಿಯಲ್ಲಿ ಕಾಡುಮೃಗಗಳನ್ನು ಕೂಡಲು ಆಗುವುದಿಲ್ಲವೆಂದು ದೊಡ್ಡಿಯವನು ಕೈಮುಗಿದ. ಬರಗೇರಮ್ಮ ಸಿಟ್ಟಿನಿಂದ ನಮ್ಮ ಕಚೇರಿಗೆ ಬಂದಳು, ಅರ್ಧ ಗಂಟೆ ಬೈದಳು, ಹೋಗುವಾಗ ತನ್ನ ಎಮ್ಮೆಯನ್ನು ವನ್ಯಜೀವಿಯಾಗಿ ನೋಂದಾಯಿಸಿ ಹೋದಳು. ಆ ಎಮ್ಮೆ ಪಕ್ಕದವರ ಬದನೆ ತಿಂದಿತು. ಪಕ್ಕದವರು ತಮ್ಮ ಕತ್ತೆಗಳನ್ನು ತಂದರು. ಮಳೆಗಾಲ ಶುರುವಾಗುವ ಹೊತ್ತಿಗೆ ಹಿರಿಯೂರು ಪಟ್ಟಣದ ವನ್ಯಸಂಪತ್ತು ರಾಜ್ಯದಲ್ಲೇ ಮುಂಚೂಣಿಗೆ ಬಂದಿತ್ತು. ಊರಲ್ಲಿ ಸಾಕುಪ್ರಾಣಿಯೆಂದು ಉಳಿದದ್ದು ಕೆಂಚ ಒಂದೇ.

ಕೇಂದ್ರ ಕಚೇರಿ ಸಂತೋಷಪಡಬೇಕಿತ್ತು. ಬದಲಿಗೆ ಆಕ್ಷೇಪಣೆ ಬಂತು. ‘ನಿಮ್ಮ ನೆಲೆಯಲ್ಲಿ ಸಸ್ಯಾಹಾರಿಗಳೇ ತುಂಬಿದ್ದು, ಅವುಗಳನ್ನು ತಿನ್ನುವ ಪ್ರಾಣಿ ಒಂದೂ ಇರುವುದಿಲ್ಲ. ಇದು ಪ್ರಕೃತಿಯ ಸಮತೋಲನಕ್ಕೆ ವಿರುದ್ಧ. ತೋಳನ ಒಂದು ಹುದ್ದೆಯನ್ನು ಈ ಮೂಲಕ ಸೃಷ್ಟಿಸಲಾಗಿದೆ. ತೋಳ ಕರ್ತವ್ಯದಲ್ಲಿಲ್ಲದ ಅವಧಿಯಲ್ಲಿ ಸಸ್ಯಾಹಾರಿಗಳಿಗೆ ನೀರು ಕೊಡಕೂಡದು.’

ಬಾಗಿಲಿಗೆ ಮತ್ತೆ ಬೀಗ ಬಿತ್ತು. ಕುರಿಗಳು ಮತ್ತೆ ಸೈಕಲ್ ಶಾಪಿನ ಮುಂದೆ ನಿಂತವು.

ತೋಳನಿಗಾಗಿ ಪ್ರಕಟಣೆ ಕೊಟ್ಟೆವು. ಮಾಂಸಾಹಾರಿಯಾಗಿರಬೇಕು, ಆರೋಗ್ಯವಂತನಾಗಿರಬೇಕು, ಕನ್ನಡ ಬಲ್ಲವರಿಗೆ ಆದ್ಯತೆ. ಯಾವ ತೋಳವೂ ಅರ್ಜಿ ಹಾಕಲಿಲ್ಲ. ಉದ್ಯೋಗ ವಿನಿಮಯ ಕಚೇರಿಗೆ ಬರೆದರೆ, ಸದ್ಯಕ್ಕೆ ಅರ್ಹ ಅಭ್ಯರ್ಥಿಗಳಿಲ್ಲ, ಬೇಕಾದರೆ ಬೆರಳಚ್ಚುಗಾರರಿದ್ದಾರೆ ಎಂದು ಮರ್ಯಾದೆಯಿಂದ ತಿಳಿಸಿದರು. ಹುದ್ದೆ ಖಾಲಿ ಇದ್ದಾಗ ಏನು ಮಾಡಬೇಕೆಂದು ಸರ್ಕಾರಿ ನೌಕರಿಯಲ್ಲಿ ಒಂದು ದಿನ ಕೆಲಸ ಮಾಡಿದವನಿಗೂ ಗೊತ್ತು. ತಿಪ್ಪೇರುದ್ರಪ್ಪನವರು ಆದೇಶ ಹೇಳಿ ಬರೆಸಿದರು: ‘ಶ್ರೀ ತಿಪ್ಪೇರುದ್ರಪ್ಪ, ವಿಶೇಷಾಧಿಕಾರಿ, ಇವರು ತಮ್ಮ ಕರ್ತವ್ಯಗಳ ಜೊತೆಗೆ ತೋಳನ ಹುದ್ದೆಯ ಪ್ರಭಾರವನ್ನೂ ಮುಂದಿನ ಆದೇಶದವರೆಗೆ ವಹಿಸಿಕೊಳ್ಳತಕ್ಕದ್ದು.’ ಕುರ್ಚಿಯಲ್ಲಿ ಕೂತು ಸಹಿ ಮಾಡಿ, ಎದ್ದು ಮೇಜಿನ ಈಚೆಗೆ ಬಂದು, ಅದನ್ನು ಸ್ವೀಕರಿಸಿದರು. ಕುರಿ ಕಾಯಲು ತೋಳನನ್ನು ಬಿಟ್ಟಂತಾಯಿತು ಎಂದು ಊರವರು ಆಡಿಕೊಂಡರು. ತಪ್ಪು. ತೋಳನ ಕೆಲಸಕ್ಕೆ ಅಧಿಕಾರಿಯನ್ನು ಬಿಟ್ಟದ್ದು. ಎರಡೂ ಬೇರೆ ಬೇರೆ.

ಆಮೇಲೆ ಚಿತ್ತಮ್ಮನನ್ನು ಕರೆಸಿದರು.

“ಕುಂತ್ಕಮ್ಮ. ಇವತ್ತಿಂದ ನಾನೇ ತೋಳ. ನಿನ್ನ ಕುರಿಗೆ ನೀರು ಸಿಗ್ತೈತೆ. ವಾರಕ್ಕೊಂದು ಮರಿ ಮನೆಗೆ ಕಳ್ಸಿಬಿಡು.”

ಚಿತ್ತಮ್ಮ ಕೂರಲಿಲ್ಲ. “ತ್ವಾಳನ ಪಾಲು ಅಂತ ಐತೆ ಸ್ವಾಮಿ. ನಮ್ಮಜ್ಜಿ ಕಾಲದಿಂದ ಐತೆ. ಇಲ್ಲ ಅನ್ನಾಕೆ ನಾನ್ಯಾರು?”

“ಮತ್ತಿನ್ನೇನು.”

“ಆದ್ರೆ ಅದು ಬಂದು ಹಿಡ್ಕಂಡು ಹೋಗ್ಬೇಕು. ನಾವು ಕೂಗ್ಬೇಕು, ನಾಯಿ ಬಿಡ್ಬೇಕು. ಅಷ್ಟರ ಮ್ಯಾಲೂ ಹೊಳೆ ದಾಟಿಸ್ಕಂಡು ಹೋತು ಅಂದ್ರೆ ಅದ್ರ ಪಾಲು. ಆಮೇಲೆ ಯಾರೂ ಅದನ್ನ ಬಯ್ಯಂಗಿಲ್ಲ. ನಡುವೆ ಬೀಳಿಸ್ತು ಅಂದ್ರೆ ನಮ್ದು.”

“ಅಷ್ಟೆಲ್ಲ ಯಾಕೆ? ಎತ್ತಪ್ಪ ಬಂದು ಇಸ್ಕಂತಾನೆ.”

“ಕೈಯಾರೆ ಕೊಟ್ರೆ ಅದು ತ್ವಾಳನ ಪಾಲಲ್ಲ ಸ್ವಾಮಿ, ಲಂಚ ಆಗ್ತೈತೆ.”

ಆ ಕಾಲದಲ್ಲಿ ಆ ಶಬ್ದವನ್ನು ಕಚೇರಿಯೊಳಗೆ ಯಾರೂ ಉಚ್ಚರಿಸುತ್ತಿರಲಿಲ್ಲ. ಎತ್ತಪ್ಪ ಓಡಿಹೋಗಿ ಕಿಟಕಿ ಮುಚ್ಚಿದ. ತಿಪ್ಪೇರುದ್ರಪ್ಪನವರು ಮೆಲ್ಲಗೆ, “ಯಾವ ಹೊತ್ತಿಗೆ ಬರ್ಬೇಕು?” ಎಂದು ಕೇಳಿದರು.

“ಮಂದೆ ರಾತ್ರಿ ಕೂಡೋ ಮುಳ್ಬೇಲಿ ರೊಪ್ಪಕ್ಕೆ ಹೊರಡೋ ಹೊತ್ತಿಗೆ ಬರ್ರಿ. ಬರ್ತೀನಿ ಅಂತ ಮೊದ್ಲೇ ಹೇಳಬ್ಯಾಡ್ರಿ. ತ್ವಾಳ ಹೇಳಿ ಬರಲ್ಲ.”

ಮರುದಿನ ಸಂಜೆ ಮೊದಲ ಬೇಟೆ. ಸಾಹೇಬರು ಪ್ಯಾಂಟು ಮೊಳಕಾಲಿಗೆ ಮಡಿಸಿ, ಬೂಟು ಕೈಯಲ್ಲಿ ಹಿಡಿದು, ಲಕ್ಕಿ ಗಿಡದ ಮರೆಯಿಂದ ನೆಗೆದರು. ಕುರಿಗಳು ಅವರ ಪರಿಚಯವಿದ್ದುದರಿಂದ ಓಡಲಿಲ್ಲ. ಚಿತ್ತಮ್ಮ ಮಾತ್ರ ಪದ್ಧತಿ ಬಿಡುವವಳಲ್ಲ. “ತ್ವಾಳ ಬಂತು, ತ್ವಾಳ ಬಂತು” ಎಂದು ಹೊಳೆಯೆಲ್ಲ ಕೇಳುವಂತೆ ಕೂಗಿ ಕೆಂಚನನ್ನು ಬಿಟ್ಟಳು. ಕೆಂಚನಿಗೆ ಪ್ರಭಾರ, ಕಾಯಂ ಎಂಬ ವ್ಯತ್ಯಾಸ ತಿಳಿಯದು. ಸಾಹೇಬರು ಮರಿ ಮುಟ್ಟುವ ಮೊದಲೇ ತಿರುಗಿ ಓಡಿ, ಲಾರಿಯವರು ಮರಳು ತೋಡಿದ ಹಳ್ಳಕ್ಕೆ ಬಿದ್ದರು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆಯಿರುವ ಈ ನಾಡಿನಲ್ಲಿ ಅವರ ಮೇಲೆ ಒಬ್ಬರೂ ಕಲ್ಲೆಸೆಯಲಿಲ್ಲ. ಗೆಜೆಟೆಡ್ ಅಧಿಕಾರಿಯೆಂದರೆ ಹಿರಿಯೂರಿನಲ್ಲಿ ಅಷ್ಟು ಗೌರವವಿತ್ತು.

ಅವರ ಮನೆಯವರು ಕಮಲಮ್ಮ ಅಂದು ಮಸಾಲೆ ಅರೆದಿಟ್ಟು ಕಾದಿದ್ದರು. ಗಂಡ ಬರಿಗೈಯಲ್ಲಿ, ಹಿಂಭಾಗ ಹರಿದ ಪ್ಯಾಂಟಿನಲ್ಲಿ ಬಂದದ್ದನ್ನು ನೋಡಿ ಆಕೆಗೆ ಬೇಸರವಾಯಿತು. ಆ ಮಸಾಲೆಗೆ ಬದನೆಕಾಯಿ ಹಾಕಿದರಂತೆ.

ಮಾರನೆಯ ದಿನದಿಂದ ತಿಪ್ಪೇರುದ್ರಪ್ಪನವರು ಬೆಳಗ್ಗೆ ಎದ್ದು ಮರಳಿನಲ್ಲಿ ಓಡಲು ಶುರುಮಾಡಿದರು. ಕ್ಯಾನ್ವಾಸ್ ಶೂಗೆ ಮಂಜೂರಾತಿ ಪಡೆದರು. ಹೊಟ್ಟೆ ಇಳಿಯಿತು, ಸಕ್ಕರೆ ಕಾಯಿಲೆ ಹತೋಟಿಗೆ ಬಂತು, ಮುಖದಲ್ಲಿ ಏನೋ ಒಂದು ಚುರುಕು ಕಾಣಿಸಿಕೊಂಡಿತು. ಮಾತಿನ ಮಧ್ಯೆ ತಟ್ಟನೆ ತಲೆ ತಿರುಗಿಸಿ ಗಾಳಿ ಮೂಸುವ ಅಭ್ಯಾಸವೂ ಬಂತು. ಅದು ಹುದ್ದೆಗೆ ಅಗತ್ಯವಾದದ್ದು. ಸಂಜೆಯಾದರೆ ಊರು ಸೇತುವೆಯ ಮೇಲೆ ನೆರೆಯುತ್ತಿತ್ತು. ಕಡಲೆಕಾಯಿ ಮಾರುವವರು ಬಂದರು. ಕಮಲಮ್ಮ ದಡದ ಮೇಲೆ ನಿಂತು, “ಎಡಕ್ಕೆ ತಿರುಗ್ರೀ, ನಾಯಿ ಬಲಕ್ಕೈತೆ” ಎಂದು ಸಲಹೆ ಕೊಡುತ್ತಿದ್ದರು. ಹಟ್ಟಿಯ ಹಿರಿಯ ಕಾಟಯ್ಯ ಮಾತ್ರ, “ತ್ವಾಳನ ಹೆಂಡ್ತಿ ಹಂಗೆಲ್ಲ ಹೇಳ್ಕೊಡಂಗಿಲ್ಲ” ಎಂದು ಒಂದು ಆಕ್ಷೇಪ ಎತ್ತಿದ. ನಿಯಮದಲ್ಲಿ ಅಂಥ ನಿಷೇಧವಿಲ್ಲವೆಂದು ನಾನು ಬರವಣಿಗೆಯಲ್ಲಿ ಉತ್ತರ ಕೊಟ್ಟೆ.

ಒಂದು ಸಂಜೆ ಕೊನೆಗೂ ಅವರು ಒಂದು ಮರಿಯನ್ನು ಕಂಕುಳಲ್ಲಿ ಅವುಚಿಕೊಂಡು, ಕೆಂಚ ಅಂಗಿಯ ತುದಿ ಹಿಡಿದಿದ್ದರೂ ಬಿಡದೆ, ಮರಳು ಹಾರಿಸುತ್ತ ಹೊಳೆ ದಾಟಿದರು. ಸೇತುವೆಯ ಮೇಲೆ ಚಪ್ಪಾಳೆ. ಚಿತ್ತಮ್ಮ ಕೂಗು ನಿಲ್ಲಿಸಿ, ಕೆಂಚನನ್ನು ಕರೆದು, ಒಂದು ಮಾತೂ ಬಯ್ಯದೆ ಮಂದೆ ತಿರುಗಿಸಿಕೊಂಡು ಹೋದಳು. ನಾನು ಪಕ್ಕದಲ್ಲೇ ನಡೆದೆ. ಅವಳ ಕಣ್ಣು ತುಂಬಿತ್ತು.

“ಬೇಜಾರಾತೇನಕ್ಕ?”

“ಆಗ್ದೆ ಇರ್ತೈತಾ. ಆದ್ರೆ ಚೆನ್ನಾಗಿ ಓಡಿದ. ಉಣ್ಲಿ ಬಿಡು. ನೀರು ಸಿಕ್ತಲ್ಲ.”

ಆ ರಾತ್ರಿ ಸಾಹೇಬರ ಮನೆಯಲ್ಲಿ ಕಚೇರಿಯ ಸಿಬ್ಬಂದಿಗೆಲ್ಲ ಊಟ. ನಾನು ಸಾಕ್ಷಿಯ ನೆಲೆಯಲ್ಲಿ ಉಂಡೆ.

ವ್ಯವಸ್ಥೆ ಹೀಗೆ ಸರಾಗವಾಗಿ ನಡೆಯುತ್ತಿರುವಾಗ ಶ್ರಾವಣ ಬಂತು. ಶ್ರಾವಣದಲ್ಲಿ ಸಾಹೇಬರು ಮಾಂಸ ಮುಟ್ಟುವುದಿಲ್ಲ. ‘ಹಿರಿಯೂರಿನ ತೋಳ ಸೋಮವಾರ, ಶನಿವಾರ ಹಾಗೂ ಶ್ರಾವಣ ಮಾಸದಲ್ಲಿ ಬೇಟೆಯಾಡುವುದಿಲ್ಲ’ ಎಂದು ವರದಿ ಕಳಿಸಿದೆವು. ಇದು ಈ ಪ್ರದೇಶದ ತೋಳಗಳ ವಿಶಿಷ್ಟ ಗುಣವೆಂದು ಕೇಂದ್ರ ಕಚೇರಿ ಆಶ್ಚರ್ಯಪಟ್ಟು, ಹೆಚ್ಚಿನ ಅಧ್ಯಯನಕ್ಕೆ ಸೂಚಿಸಿತು.

ಅದೇ ಶ್ರಾವಣದ ಒಂದು ಶನಿವಾರ ಚಿತ್ತಮ್ಮನ ಮಂದೆಯಿಂದ ಒಂದು ಮರಿ ಹೋಯಿತು. ಸಾಹೇಬರು ಆ ಹೊತ್ತಿಗೆ ದೇವಸ್ಥಾನದಲ್ಲಿದ್ದುದಕ್ಕೆ ಇಡೀ ಊರು ಸಾಕ್ಷಿ. ಚಿತ್ತಮ್ಮ ಕಣ್ಣಾರೆ ಕಂಡಿದ್ದಳು: ನಾಲ್ಕು ಕಾಲು, ಬೂದು ಬಣ್ಣ, ಶೂ ಇಲ್ಲ. ನಮ್ಮ ಸಸಿಗಳು ಅಷ್ಟೊತ್ತಿಗೆ ಪೊದೆಯಾಗಿದ್ದವು, ನೀರಿತ್ತು, ಕುರಿಗಳಿದ್ದವು. ಜೋಗಿಮಟ್ಟಿ ಕಾಡಿನ ಕಡೆಯಿಂದ ಒಂದು ತೋಳ ತಾನಾಗಿಯೇ ಬಂದು ಸೇರಿಕೊಂಡಿತ್ತು.

ಯೋಜನೆಯ ಇತಿಹಾಸದಲ್ಲೇ ಇಂಥ ಬಿಕ್ಕಟ್ಟು ಬಂದಿರಲಿಲ್ಲ. ನೇಮಕಾತಿ ಆದೇಶವಿಲ್ಲದೆ, ವೈದ್ಯಕೀಯ ಪ್ರಮಾಣಪತ್ರ ಹಾಜರುಪಡಿಸದೆ, ಹುದ್ದೆ ಖಾಲಿ ಇಲ್ಲದಿರುವಾಗ ತೋಳನ ಕರ್ತವ್ಯ ನಿರ್ವಹಿಸಿದ್ದಕ್ಕೆ ಕಾರಣ ಕೇಳುವ ನೋಟೀಸು ತಯಾರಿಸಿದೆ. ಎತ್ತಪ್ಪ ಮರಳಿನ ನಡುವೆ ನಿಂತು ಅದನ್ನು ಗಟ್ಟಿಯಾಗಿ ಓದಿದ. ತೋಳ ಆಚೆ ದಡದಲ್ಲಿ ಕಿವಿ ನಿಗುರಿಸಿ ಪೂರ್ತಿ ಕೇಳಿ, ಆಕಳಿಸಿತು. ಉತ್ತರ ಸಮರ್ಪಕವಾಗಿಲ್ಲವೆಂದು ಷರಾ ಬರೆದೆವು.

ಚಿತ್ತಮ್ಮ ಕಚೇರಿಗೆ ಬಂದು ಕೋಲನ್ನು ನೆಲಕ್ಕೆ ಕುಟ್ಟಿದಳು.

“ಒಂದು ಮಂದೆಗೆ ಒಂದು ತ್ವಾಳ ಸ್ವಾಮಿ. ಇಬ್ರಿಗೆ ನಾನೆಲ್ಲಿಂದ ತರ್ಲಿ? ನೀವಾದ್ರೂ ಬಿಡ್ರಿ, ಅದಾದ್ರೂ ಬಿಡ್ಲಿ. ಇಲ್ಲಾಂದ್ರೆ ದೀಪಾವಳಿ ಹೊತ್ತಿಗೆ ನನ್ನ ರೊಪ್ಪದಾಗೆ ಬರೀ ಮುಳ್ಳು ಉಳೀತೈತೆ.”

“ಅದು ಅನಧಿಕೃತ, ಚಿತ್ತಮ್ಮ. ಅದನ್ನ ಲೆಕ್ಕಕ್ಕೆ ಹಿಡೀಬ್ಯಾಡ.”

“ಮರಿ ಹೋಗಿದ್ದು ಅಧಿಕೃತ ಐತಲ್ಲ.”

ಸಾಹೇಬರು ಬಿಡುವುದಾದರೂ ಹೇಗೆ? ಇಷ್ಟು ದಿನದ ಅಭ್ಯಾಸ. ಅವರಿಗೆ ಆ ಓಟ ಹಿಡಿಸಿಬಿಟ್ಟಿತ್ತು. ಮರಿಯ ಆಸೆಗಿಂತ ಈಗ ಅದೇ ದೊಡ್ಡದಾಗಿತ್ತು ಎಂದು ನನ್ನ ಅಭಿಪ್ರಾಯ. ವಿಷಯವನ್ನು ಮೇಲಕ್ಕೆ ಬರೆದೆವು. ಶ್ರಾವಣ ಕಳೆದ ಮೇಲೆ ಬೆಂಗಳೂರಿನಿಂದ ದೊಡ್ಡ ಸಾಹೇಬರು ಖುದ್ದಾಗಿ ತನಿಖೆಗೆ ಬಂದರು.

ಸಂಜೆ ಅವರಿಗೆ ಸೇತುವೆಯ ಮೇಲೆ ಕುರ್ಚಿ ಹಾಕಿದೆವು, ಕೈಗೆ ದುರ್ಬೀನು ಕೊಟ್ಟೆವು. ಮಂದೆ ನೀರು ಕುಡಿದು ರೊಪ್ಪಕ್ಕೆ ಹೊರಟಿತು. ಈಚೆ ಪೊದೆಯಿಂದ ತಿಪ್ಪೇರುದ್ರಪ್ಪನವರು ನೆಗೆದರು. ಅದೇ ಹೊತ್ತಿಗೆ ಆಚೆ ಪೊದೆಯಿಂದ ತೋಳ ನೆಗೆಯಿತು. ಇಬ್ಬರ ಕಣ್ಣೂ ಒಂದೇ ಮರಿಯ ಮೇಲೆ. ಚಿತ್ತಮ್ಮ ಕೂಗುತ್ತಲೇ ಇದ್ದಳು. ಯಾರಿಗೆ ಕೂಗಬೇಕೆಂದು ತಿಳಿಯದೆ ಇಬ್ಬರಿಗೂ ಸಮನಾಗಿ ಕೂಗಿದಳು. ಕೆಂಚ ನಡುವೆ ನಿಂತು ಗಿರಿಗಿರಿ ಸುತ್ತಿತು. ತೋಳ ಒಂದು ಗಳಿಗೆ ಸಾಹೇಬರನ್ನು ನೋಡಿತು: ಹಲ್ಲು ಕಚ್ಚಿದ ಮುಖ, ಗಾಳಿಗೆ ಹಾರುವ ಟೈ, ಮರಳಿನ ಮೇಲೆ ತೇಲಿಬರುವ ಕ್ಯಾನ್ವಾಸ್ ಶೂ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಸಾಹೇಬರು ಮರಿ ಎತ್ತಿಕೊಂಡು ಹೊಳೆ ದಾಟಿದರು.

ದೊಡ್ಡ ಸಾಹೇಬರು ದುರ್ಬೀನು ಕೆಳಗಿಟ್ಟರು.

“ಮರಿ ತಗೊಂಡು ಹೋದದ್ದು?”

“ಪ್ರಭಾರ, ಸರ್,” ಎಂದೆ.

“ಇನ್ನೊಂದು?”

“ತೋಳ, ಸರ್.”

“ಅನುಭವ ಸಾಲದು,” ಎಂದರು.

ವರದಿ ಬಹಳ ಚೆನ್ನಾಗಿ ಬಂತು. ಸೇವಾ ಹಿರಿತನದಲ್ಲಿ ತಿಪ್ಪೇರುದ್ರಪ್ಪನವರು ಮುಂದಿರುವುದರಿಂದ ಅವರ ಪ್ರಭಾರ ಮುಂದುವರಿಯತಕ್ಕದ್ದು. ತೋಳವನ್ನು ಹೆಚ್ಚುವರಿ ಎಂದು ಪರಿಗಣಿಸಿ ಹೊಳಲ್ಕೆರೆ ತಾಲ್ಲೂಕು ರಾಮಗಿರಿ ಗುಡ್ಡಕ್ಕೆ ವರ್ಗಾಯಿಸಲಾಗಿದೆ. ಆದೇಶದ ಪ್ರತಿಯನ್ನು ಆಚೆ ದಡದ ಜಾಲಿ ಮರಕ್ಕೆ ಅಂಟಿಸಿದೆವು. ತೋಳ ಮತ್ತೆ ಕಾಣಿಸಲಿಲ್ಲ. ನನ್ನ ಇಡೀ ಸೇವಾವಧಿಯಲ್ಲಿ, ಶಿಫಾರಸು ತರದೆ, ಮಕ್ಕಳ ಶಾಲೆಯ ನೆಪ ಹೇಳದೆ, ವರ್ಗಾವಣೆಯನ್ನು ತಕ್ಷಣ ಪಾಲಿಸಿದ್ದು ಅದೊಂದೇ.

ಇಂಥ ಪ್ರತಿಭೆಯನ್ನು ಹಿರಿಯೂರಿನಲ್ಲಿ ಬಹಳ ಕಾಲ ಇಟ್ಟುಕೊಳ್ಳಲಾಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ತಿಪ್ಪೇರುದ್ರಪ್ಪನವರಿಗೆ ಬಡ್ತಿ ಬಂತು. ಕರಡಿಯಾಗಿ ಚಿತ್ರದುರ್ಗಕ್ಕೆ ಹೋದರು. ಬೀಳ್ಕೊಡುಗೆಯಲ್ಲಿ ಹಾರ ಹಾಕಿದಾಗ ಅವರು ಅತ್ತರು. ಕಮಲಮ್ಮ ಅಳಲಿಲ್ಲ, ಕರಡಿ ಜೇನು ತರುತ್ತದೆಂದು ಆಕೆಗೆ ಯಾರೋ ಹೇಳಿದ್ದರು. ಚಿತ್ತಮ್ಮ ಒಂದು ಕಂಬಳಿ ಹೊದಿಸಿ, “ಬೆಟ್ಟದಾಗೆ ಚಳಿ ಇರ್ತೈತೆ ಸ್ವಾಮಿ, ಹುಷಾರು” ಎಂದಳು. ಸಾಹೇಬರು ಬಸ್ಸು ಹತ್ತಿದರು. ಸಂಜೆ ಎತ್ತಪ್ಪ ಮಡುವಿನ ಬಾಗಿಲಿಗೆ ಬೀಗ ಹಾಕಿದ.

ಹಾಕಲೇಬೇಕಿತ್ತು. ತೋಳ ಕರ್ತವ್ಯದಲ್ಲಿಲ್ಲದ ಅವಧಿಯಲ್ಲಿ ನೀರಿಲ್ಲ. 

ಹೊಸ ಅಧಿಕಾರಿ ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಕಾದೆವು. ಬರಲಿಲ್ಲ. ಬಿಸಿಲು ನೆಟ್ಟಗೆ ನೆತ್ತಿಯ ಮೇಲೆ. ಕುರಿಗಳು ಬೇಲಿಗೆ ಮೂತಿ ಒತ್ತಿ ನಿಂತಿದ್ದವು, ತಂತಿಯ ಆಚೆ ನೀರು ಹೊಳೆಯುತ್ತಿತ್ತು. ಒಂದು ಮುದಿ ಕುರಿ ನಿಂತಲ್ಲೇ ಮೊಣಕಾಲೂರಿತು. ನನಗೆ ಸಂಕಟವಾಯಿತು. ಎತ್ತಪ್ಪ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಅತ್ತ ತಿರುಗಿ ನಿಂತಿದ್ದ. ಚಿತ್ತಮ್ಮ ಈ ಸಲ ಜೋರು ಮಾಡಲಿಲ್ಲ. ಅದನ್ನು ಕಂಡೇ ನಾನು ಹೆದರಿದೆ.

“ರಂಗಪ್ಪ, ತ್ವಾಳ ಒಂದಿದ್ರೆ ಬಾಗ್ಲು ತೆಗೀತೀರಲ್ಲ?”

“ತೆಗೀಬೌದಕ್ಕ.”

“ಆಪೀಸರೇ ಆಗ್ಬೇಕಾ?”

ನಿಯಮ ನೋಡಿದೆ. ‘ಸ್ಥಳೀಯವಾಗಿ ಲಭ್ಯವಿರುವ, ಕೆಲಸದ ಅನುಭವವುಳ್ಳ ಯಾರಾದರೂ’ ಎಂದಿತ್ತು.

“ಅನುಭವ ಬೇಕಕ್ಕ.”

“ನನ್ನಷ್ಟು ತ್ವಾಳನ ಹಿಂದೆ ಓಡಿದೋರು ಈ ಸೀಮೆಗೆ ಯಾರವ್ರೆ?”

ಯಾರೂ ಇರಲಿಲ್ಲ. ಅಲ್ಲೇ, ಬೇಲಿಯ ಕಂಬದ ಮೇಲೆ ಕಾಗದವಿಟ್ಟು ಪ್ರಭಾರ ಪತ್ರ ಬರೆದೆ. ಚಿತ್ತಮ್ಮ ಹೆಬ್ಬೆಟ್ಟು ಒತ್ತಿ, ಸೀರೆಯನ್ನು ಕಚ್ಚೆ ಹಾಕಿ ಬಿಗಿದಳು.

ಎತ್ತಪ್ಪನಿಗೆ ಒಂದು ಸಂಶಯ ಬಂತು. “ಅಕ್ಕಾ, ನೀನೇ ತ್ವಾಳ ಆದ್ರೆ ಕೂಗೋರ್ಯಾರು?”

“ನಾನೇ ಕೂಗ್ತೀನಿ, ನಾನೇ ಓಡ್ತೀನಿ. ನೀನು ಬೀಗ ತೆಗಿ.”

ಕೂಗಿದಳು. “ತ್ವಾಳ ಬಂತು, ತ್ವಾಳ ಬಂತು” ಎಂದು ಕೂಗುತ್ತಲೇ ತನ್ನ ಮಂದೆಗೆ ನುಗ್ಗಿ, ಮುದಿ ಕುರಿಯ ಪಕ್ಕದಲ್ಲಿದ್ದ ಮರಿಯನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು, ಕೆಂಚನನ್ನು ತನ್ನ ಮೇಲೆ ತಾನೇ ಛೂ ಬಿಟ್ಟುಕೊಂಡು ಮರಳಿನಲ್ಲಿ ಓಡಿದಳು. ಕೆಂಚ ಬಾಲ ಅಲ್ಲಾಡಿಸುತ್ತ ಬೆನ್ನಟ್ಟಿತು. ಸೇತುವೆಯ ಮೇಲೆ ಜನ ನಿಂತು ನೋಡಿದರು. ಹೊಸ ತೋಳ ಹಳೆಯದಕ್ಕಿಂತ ವಾಸಿ ಎಂದು ಕಡಲೆಕಾಯಿಯವನು ಹೇಳಿದ. ಚಿತ್ತಮ್ಮ ಆಚೆ ದಡ ಮುಟ್ಟಿದಳು. ಎತ್ತಪ್ಪ ಬೀಗ ತೆಗೆದ. ಕುರಿಗಳು ಒಂದರ ಮೇಲೊಂದು ಬಿದ್ದು ಒಳಗೆ ಹೋಗಿ ನೀರಿಗೆ ಬಾಯಿ ಹಾಕಿದವು. ಮುದಿ ಕುರಿಯೂ ಎದ್ದು ಹೋಯಿತು.

ಹೊಸ ಅಧಿಕಾರಿ ಆಮೇಲೂ ಬರಲಿಲ್ಲ, ಯಾರೂ ಕೇಳಲೂ ಇಲ್ಲ. ಹೀಗಾಗಿ ಹಿರಿಯೂರಿನ ಎರಡನೆಯ ಪ್ರಭಾರ ತೋಳ ಶ್ರೀಮತಿ ಚಿತ್ತಮ್ಮ, ಮತ್ತು ಅವರ ಅವಧಿಯಲ್ಲಿ ಒಂದು ವಾರವೂ ಬೇಟೆ ತಪ್ಪಿದ್ದಿಲ್ಲ. ಆ ಮೊದಲ ದಿನದ ತೋಳನ ಪಾಲನ್ನು ನಾನೇ ಹೋಗಿ ಪರಿಶೀಲಿಸಿದೆ. ಕತ್ತಲಾಗುವ ಮುನ್ನ ಅದು ರೊಪ್ಪದಲ್ಲಿ ತಾಯಿಯ ಹೊಟ್ಟೆಯ ಕೆಳಗೆ ನಿಂತು ಹಾಲು ಕುಡಿಯುತ್ತಿತ್ತು.